ಪರದೆಯ ಮೇಲಿನ ಹುಸಿ ಎಚ್ಚರಿಕೆ ಬೆಳೆದು ಬಂದ ಬಗೆ

2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ (ಸುಧಾರಣೆಗಳ ಕಂತೆ) ಬಿಡುಗಡೆಯಾದಾಗ ಅದರೊಂದಿಗೆ ‘ಸೆಕ್ಯುರಿಟಿ ಸೆಂಟರ್’ ಎಂಬ ಹೊಸ ಭಾಗವೂ ಬಂತು. ಕಂಪ್ಯೂಟರಿನಲ್ಲಿ ಆಂಟಿವೈರಸ್ ಇಲ್ಲದಿದ್ದರೆ ಪರದೆಯ ಮೂಲೆಯಲ್ಲಿ ಕೆಂಪು ಗುರಾಣಿಯೊಂದು ಕಾಣಿಸಿಕೊಂಡು ಎಚ್ಚರಿಸುತ್ತಿತ್ತು. ಬಳಕೆದಾರರನ್ನು ಕಾಯಲೆಂದು ರೂಪಿಸಿದ ಈ ಗುರುತನ್ನು ವಂಚಕರು ನಕಲು ಮಾಡಿ, ಇಲ್ಲದ ವೈರಸ್ಸಿನ ಭಯ ಹುಟ್ಟಿಸಿ ನಕಲಿ ರಕ್ಷಣಾ ತಂತ್ರಾಂಶಗಳನ್ನು ಮಾರಿದರು. ಗುರಾಣಿ ಕಂಡೊಡನೆ ಏನಾದರೂ ಮಾಡಬೇಕೆಂದು ಜನರು ಆಗಷ್ಟೇ ಕಲಿತಿದ್ದರು. ವಂಚನೆ ನಿಂತದ್ದು ಆ ಕಲಿಕೆಯ ಮೇಲೆಯೇ. ಆದ್ದರಿಂದ ಮೋಸಹೋದವರನ್ನು ಅಜ್ಞಾನಿಗಳೆಂದು ಕರೆಯುವುದು ಅನ್ಯಾಯ. ಅವರಲ್ಲಿ ಅನೇಕರು ಸುರಕ್ಷತೆಯ ಬಗ್ಗೆ ಕಾಳಜಿ ಇದ್ದವರೇ.

ಈ ಬಗೆಯ ತಂತ್ರಾಂಶಗಳಲ್ಲಿ ಬಹಳ ಕುಖ್ಯಾತವಾದದ್ದು ವಿನ್‌ಫಿಕ್ಸರ್. ಬೆಲೀಜ್‌ನಲ್ಲಿ ನೋಂದಣಿಯಾಗಿ ಯುಕ್ರೇನಿನ ಕೀವ್‌ನಲ್ಲಿ ಕಚೇರಿ ಹೊಂದಿದ್ದ ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯು ಇದನ್ನೂ ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದವನ್ನೂ ಮಾರುತ್ತಿತ್ತು. ಪ್ರತಿಷ್ಠಿತ ಸಂಸ್ಥೆಗಳ ಪರವಾಗಿ ಜಾಹೀರಾತು ಕೊಡುತ್ತಿದ್ದೇವೆಂದು ಜಾಹೀರಾತು ಜಾಲಗಳನ್ನು ನಂಬಿಸಿ, ಪರಿಶೀಲಿಸುವವರಿಗೆ ಸಾಧಾರಣ ಜಾಹೀರಾತನ್ನೂ ಉಳಿದವರಿಗೆ ಹುಸಿ ‘ಸ್ಕ್ಯಾನ್’ ಪುಟವನ್ನೂ ತೋರಿಸುವುದು ಅದರ ಕ್ರಮವಾಗಿತ್ತು. ಆ ಸ್ಕ್ಯಾನ್ ಯಾವ ಕಂಪ್ಯೂಟರಿನಲ್ಲೇ ಆದರೂ ದೋಷಗಳನ್ನು ‘ಪತ್ತೆಹಚ್ಚಿ’, ಅವನ್ನು ಸರಿಪಡಿಸಲು ಸುಮಾರು 40 ಡಾಲರ್ ಕೇಳುತ್ತಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸಹೋಗಿದ್ದಾರೆಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲಿ ಮೊಕದ್ದಮೆ ಹೂಡಿತು. 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತದ ತೀರ್ಪು ನೀಡಿತು.

ಮೊಕದ್ದಮೆಯಿಂದ ಪಿಡುಗು ನಿಲ್ಲಲಿಲ್ಲ. 2009ರ ಏಪ್ರಿಲ್‌ನಲ್ಲಿ ಕಾನ್‌ಫಿಕರ್ ವರ್ಮ್ (ತಾನಾಗಿಯೇ ಹರಡುವ ಕಳ್ಳ ತಂತ್ರಾಂಶ) ತಾನು ಹೊಕ್ಕ ಯಂತ್ರಗಳಲ್ಲಿ ಸ್ಪೈಪ್ರೊಟೆಕ್ಟ್ 2009 ಎಂಬ ನಕಲಿ ರಕ್ಷಕನನ್ನು ಸೇರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಜಾಲತಾಣದಲ್ಲೇ ಇಂತಹ ಜಾಹೀರಾತು ನುಸುಳಿತು. ಮ್ಯಾಕ್‌ಗೆ ಈ ಕಾಟವಿಲ್ಲವೆಂಬ ನಂಬಿಕೆಯನ್ನು 2011ರ ಮೇ ತಿಂಗಳಲ್ಲಿ ಮ್ಯಾಕ್ ಡಿಫೆಂಡರ್ ಎಂಬ ನಕಲಿ ಆಂಟಿವೈರಸ್ ಅಲುಗಾಡಿಸಿತು.

ಮುಂದಿನ ಹಂತದಲ್ಲಿ ತಂತ್ರಾಂಶದ ಜಾಗಕ್ಕೆ ದೂರವಾಣಿ ಸಂಖ್ಯೆ ಬಂತು. ಪರದೆ ತುಂಬ ಎಚ್ಚರಿಕೆ ತೋರಿಸಿ, ‘ಮೈಕ್ರೋಸಾಫ್ಟ್ ಸಹಾಯವಾಣಿ’ಗೆ ಕರೆ ಮಾಡಿಸಿ, ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸಲು ಅನುಮತಿ ಪಡೆದು ಹಣ ಕೀಳುವ ಈ ದಂಧೆಯ ಅನೇಕ ಕಾಲ್‌ಸೆಂಟರ್‌ಗಳು ನಡೆದದ್ದು ನಮ್ಮ ದೇಶದಲ್ಲೇ ಎಂಬುದು ನೋವಿನ ಸಂಗತಿ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಶೋಧ ನಡೆಸಿದಾಗ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಅದರಲ್ಲಿ ಸೇರಿದ್ದವು.

ರೂಪ ಬದಲಾದರೂ ಗುರುತಿಸುವ ಲಕ್ಷಣಗಳು ಹೆಚ್ಚು ಬದಲಾಗಿಲ್ಲ. ಬ್ರೌಸರಿನಲ್ಲಿ ತೆರೆದ ಯಾವ ಪುಟಕ್ಕೂ ನಿಮ್ಮ ಹಾರ್ಡ್‌ಡಿಸ್ಕನ್ನು ಪರೀಕ್ಷಿಸುವ ಶಕ್ತಿಯಿಲ್ಲ. ಹಾಗೆ ತೋರುವುದೆಲ್ಲ ಚಿತ್ರವಷ್ಟೇ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಕರೆ ಮಾಡಬೇಕಾದ ಸಂಖ್ಯೆ ಇರುವುದಿಲ್ಲ. ನೀವು ಹಾಕಿಕೊಂಡಿರದ ಆಂಟಿವೈರಸ್ಸಿನ ಹೆಸರಿನಲ್ಲಿ ‘ಅವಧಿ ಮುಗಿದಿದೆ’ ಎಂಬ ಸಂದೇಶ ಪದೇ ಪದೇ ಬರುತ್ತಿದ್ದರೆ, ಹಿಂದೆ ಯಾವುದೋ ಜಾಲತಾಣ ನೋಟಿಫಿಕೇಶನ್ ಕಳುಹಿಸಲು ಕೇಳಿದಾಗ ‘ಅನುಮತಿಸು’ ಒತ್ತಿದ್ದರ ಫಲ ಅದಾಗಿರುವ ಸಂಭವವೇ ಹೆಚ್ಚು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿಯಿಂದ ಆ ತಾಣವನ್ನು ತೆಗೆದರೆ ಅಂತಹ ಸಂದೇಶ ನಿಲ್ಲುತ್ತದೆ.

ಪರದೆ ತುಂಬಿ ಮುಚ್ಚಲಾಗದ ಪುಟವಾದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಬೇಕು, ಇಲ್ಲವೇ ಟಾಸ್ಕ್ ಮ್ಯಾನೇಜರಿನಿಂದ (ನಡೆಯುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸಿ ನಿಲ್ಲಿಸುವ ವಿಂಡೋಸ್ ಸಾಧನ) ಬ್ರೌಸರನ್ನು ನಿಲ್ಲಿಸಿ, ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿಸದಿರಬೇಕು. ತಂತ್ರಾಂಶವೇ ಒಳಹೊಕ್ಕಿದ್ದರೆ ಕೆಲಸ ಹೆಚ್ಚು, ಏಕೆಂದರೆ ಅದು ಟಾಸ್ಕ್ ಮ್ಯಾನೇಜರನ್ನೂ ನಿಜವಾದ ಆಂಟಿವೈರಸ್ಸನ್ನೂ ‘ಸೋಂಕು ತಗುಲಿದೆ’ ಎಂದು ತಡೆಯಬಲ್ಲದು. ಆಗ ಇಂಟರ್ನೆಟ್ ಸಂಪರ್ಕ ಕಡಿದು, ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್ ನಡೆಸುವುದು ಒಳ್ಳೆಯದು. ವಿಂಡೋಸ್ ಪೂರ್ತಿ ಎದ್ದೇಳುವ ಮೊದಲೇ ನಡೆಯುವ ಈ ತಪಾಸಣೆಯನ್ನು ತಡೆಯಲು ಕಳ್ಳ ತಂತ್ರಾಂಶಕ್ಕೆ ಅವಕಾಶ ಕಡಿಮೆ. ಅದಕ್ಕೂ ಬಿಡದಿದ್ದರೆ ಅತ್ಯಗತ್ಯ ಭಾಗಗಳಷ್ಟೇ ಶುರುವಾಗುವ ಸೇಫ್ ಮೋಡ್‌ನಲ್ಲಿ ತೆರೆದು, ಅಪರಿಚಿತ ತಂತ್ರಾಂಶ, ಬ್ರೌಸರ್ ಎಕ್ಸ್‌ಟೆನ್ಶನ್, ತಾನಾಗಿ ಶುರುವಾಗುವ ಪ್ರೋಗ್ರಾಮ್‌ಗಳನ್ನು ತೆಗೆದು, ಪ್ರಾಕ್ಸಿ ಸೆಟ್ಟಿಂಗ್ (ಇಂಟರ್ನೆಟ್ ಸಂಪರ್ಕವನ್ನು ಮಧ್ಯದ ಬೇರೊಂದು ಯಂತ್ರದ ಮೂಲಕ ಹಾಯಿಸುವ ವ್ಯವಸ್ಥೆ) ಬದಲಾಗಿದೆಯೇ ಎಂದು ನೋಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆಗೆಯಲು ಬಾರದಿದ್ದರೆ ಮೊದಲು ಅದಕ್ಕೆ ಕೊಟ್ಟ ಡಿವೈಸ್ ಅಡ್ಮಿನ್ (ಫೋನನ್ನು ನಿಯಂತ್ರಿಸುವ) ಅಧಿಕಾರವನ್ನು ಹಿಂಪಡೆಯಬೇಕು. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ.

ಅಪರಿಚಿತರಿಗೆ ಕಂಪ್ಯೂಟರಿನ ನಿಯಂತ್ರಣ ಕೊಟ್ಟಾಗಿದ್ದರೆ ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ, ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ಅಪರಾಧದ 1930 ಸಹಾಯವಾಣಿಗೂ ಕೂಡಲೇ ತಿಳಿಸಬೇಕು. ಹಣ ಮತ್ತೊಂದು ಖಾತೆಗೆ ದಾಟುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.