ಬಣ್ಣ ಬೆರೆಸಿದ ಕೂಡಲೇ ಕೊಬ್ಬಿನಾಮ್ಲ ಹೊಳೆಯುತ್ತದೆಯೇ?

ಪ್ರಶ್ನೆ: ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳನ್ನು ಫ್ಲೋರಸೆಂಟ್ ಬಣ್ಣದಿಂದ ಗುರುತಿಸುತ್ತಾರಂತೆ. ಬಣ್ಣ ಬೆರೆಸಿದರೆ ಸಾಕೇ?

ಬೆರೆಸಿದರೆ ಸಾಲದು, ಕಟ್ಟಬೇಕು. ಪಾಮಿಟಿಕ್, ಸ್ಟಿಯರಿಕ್‌ನಂಥ ಆಮ್ಲಗಳು 210 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕನ್ನಷ್ಟೇ ಹೀರುತ್ತವೆ, ಅದೂ ಅಲ್ಪಸ್ವಲ್ಪ. ತಾವಾಗಿ ಹೊಳೆಯುವುದಿಲ್ಲ. ಆದ್ದರಿಂದ ಅವುಗಳ ತುದಿಯಲ್ಲಿ ಆಮ್ಲದ ಗುಣ ಕೊಡುವ ಕಾರ್ಬಾಕ್ಸಿಲ್ (COOH) ಗುಂಪಿಗೆ ಹೊಳೆಯುವ ಅಣುವೊಂದನ್ನು ರಾಸಾಯನಿಕ ಬಂಧದಿಂದ ಜೋಡಿಸುತ್ತಾರೆ. ಕತ್ತಲಲ್ಲಿ ಕಾಣದ ಹಸುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ.

ಇದಕ್ಕೆ ಬಳಸುವ ಹಳೆಯ, ನಂಬಿಕಸ್ಥ ಬಣ್ಣ 4-ಬ್ರೋಮೋಮೀಥೈಲ್-7-ಮೆಥಾಕ್ಸಿಕೂಮರಿನ್. ಅಸಿಟೋನ್‌ನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿದರೆ ಆಮ್ಲ ಲವಣವಾಗುತ್ತದೆ. 18-ಕ್ರೌನ್-6 ಎಂಬ ಉಂಗುರದಾಕಾರದ ಅಣು ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಂಡು ಆಮ್ಲದ ಕೈ ಬಿಡಿಸುತ್ತದೆ. ಆಗ ಬ್ರೋಮಿನ್ ಕಳಚಿ, ಆ ಜಾಗಕ್ಕೆ ಆಮ್ಲ ಬಂದು ಕೂರುತ್ತದೆ. 325 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕು ಹಾಯಿಸಿದರೆ ಸುಮಾರು 400ರಲ್ಲಿ ನೇರಳೆ-ನೀಲಿ ಹೊಳಪು. ಆಮ್ಲದ ಒಂದು ಅಣುವಿಗೆ ಬಣ್ಣದ ಒಂದೇ ಅಣು, ಹಾಗಾಗಿ ಹೊಳಪು ಅಳೆದರೆ ಪ್ರಮಾಣವೂ ಸಿಗುತ್ತದೆ.

ಆದರೆ ಎಣ್ಣೆಗೆ ನೇರವಾಗಿ ಬಣ್ಣ ಹಾಕಿ ಪ್ರಯೋಜನವಿಲ್ಲ. ಅಲ್ಲಿನ ಆಮ್ಲಗಳಲ್ಲಿ ಬಹುಪಾಲು ಟ್ರೈಗ್ಲಿಸರೈಡ್ ಆಗಿ ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ. ಮೊದಲು ಕ್ಷಾರ ಹಾಕಿ, ಸೋಪು ಮಾಡುವಂತೆಯೇ, ಬಿಡಿಸಿಕೊಳ್ಳಬೇಕು.

ಇನ್ನೊಂದು ಮಾತು, ಇದನ್ನೇ ಹೆಚ್ಚಿನವರು ಮರೆಯುವುದು: ಬಣ್ಣಕ್ಕೆ ಕೊಬ್ಬಿನಾಮ್ಲ ಯಾವುದು, ಲ್ಯಾಕ್ಟಿಕ್ ಆಮ್ಲ ಯಾವುದು ಎಂದು ಗೊತ್ತಾಗದು. ಕಾರ್ಬಾಕ್ಸಿಲ್ ಇದ್ದಲ್ಲೆಲ್ಲ ಅಂಟುತ್ತದೆ. ಬೇರ್ಪಡಿಸುವ ಕೆಲಸ ಎಚ್‌ಪಿಎಲ್‌ಸಿ ಯಂತ್ರದ್ದು, ಅಂದರೆ ದ್ರವವನ್ನು ಒತ್ತಡದಿಂದ ಕೊಳವೆಯಲ್ಲಿ ಹಾಯಿಸಿ ಮಿಶ್ರಣವನ್ನು ಬಿಡಿಬಿಡಿಯಾಗಿಸುವ ಯಂತ್ರ. 18 ಇಂಗಾಲದ ಸರಪಳಿಗಳನ್ನು ಅಂಟಿಸಿದ ಕಣಗಳು ತುಂಬಿದ ಅದರ ಸಿ18 ಕೊಳವೆಯಲ್ಲಿ, ಆಮ್ಲದ ಇಂಗಾಲದ ಸರಪಳಿ ಉದ್ದವಾದಷ್ಟೂ ಆಮ್ಲ ತಡವಾಗಿ ಹೊರಬರುತ್ತದೆ. ಒಂದು ದ್ವಿಬಂಧವಿದ್ದರೆ ಹೆಚ್ಚುಕಡಿಮೆ ಎರಡು ಇಂಗಾಲ ಕಡಿಮೆಯಾದಂತೆ ಬೇಗ ಬರುತ್ತದೆ. ಹೀಗಾಗಿ 18 ಇಂಗಾಲ, ಒಂದು ದ್ವಿಬಂಧದ ಓಲಿಯಿಕ್ ಮತ್ತು ದ್ವಿಬಂಧವಿಲ್ಲದ 16 ಇಂಗಾಲದ ಪಾಮಿಟಿಕ್ ಬೆನ್ನುಬೆನ್ನಿಗೆ ಬರುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ಎರಡೂ ಧಾರಾಳ. ಯಂತ್ರ ಬರೆಯುವ ನಕ್ಷೆಯಲ್ಲಿ ಆ ಎರಡರ ಶಿಖರಗಳು ಬೇರೆಯಾಗಿ ನಿಲ್ಲುವವರೆಗೂ ನಾನಂತೂ ಉಳಿದ ಅಂಕಿಗಳನ್ನು ನಂಬುವುದಿಲ್ಲ.

ಮಾದರಿಯಿಲ್ಲದ ಖಾಲಿ ಓಟವನ್ನೂ ತಪ್ಪದೆ ಮಾಡಿ. ಉಳಿದ ಬಣ್ಣವೂ ಒಂದಿಷ್ಟು ಹೊಳೆಯುತ್ತದೆ. ಬೆರಳಿನ ಜಿಡ್ಡು, ತೊಳೆದ ಸೋಪು, ಪ್ಲಾಸ್ಟಿಕ್ ಟ್ಯೂಬು ಕೂಡ ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳನ್ನು ಒಳಗೆ ತಂದುಬಿಡುತ್ತವೆ.