ಓದಿ ಹೇಳುವ ತಂತ್ರಾಂಶ ಮಂಡ್ಯದ ತರಗತಿಗೆ ಬಂದ ದಾರಿ

ಮೈಸೂರು, ಮಂಡ್ಯ ಸೀಮೆಯ ಸರ್ಕಾರಿ ಶಾಲೆಗಳಿಗೆ ದಾನಿಗಳು ಟ್ಯಾಬ್ ಕೊಡಿಸುವುದು ಹೊಸದಲ್ಲ. ಈಚೆಗೆ ಟ್ಯಾಬ್ ಜೊತೆ ಒಂದು ಭರವಸೆಯೂ ಬರುತ್ತಿದೆ: ಪಾಠವನ್ನು ಇದೇ ಓದಿ ಹೇಳುತ್ತದೆ, ಇನ್ನು ಮಕ್ಕಳಿಗೆ ಇಂಗ್ಲಿಷ್ ಕಷ್ಟವಿಲ್ಲ. ಟೆಕ್ಸ್ಟ್ ಟು ಸ್ಪೀಚ್ ಎನ್ನುವ ಈ ತಂತ್ರಾಂಶದ ಬಗ್ಗೆ ಪೋಷಕರಲ್ಲಿ ಒಂದು ಅಭಿಪ್ರಾಯ, ಮೇಷ್ಟ್ರುಗಳಲ್ಲಿ ಇನ್ನೊಂದು. ಓದೋ ಅಭ್ಯಾಸವೇ ತಪ್ಪಿಹೋಗುತ್ತದೆ ಎಂದು ಕೆಲವರು, ಇದು ಮಗುವಿನ ಹಕ್ಕು ಎಂದು ವಿಶೇಷ ಶಿಕ್ಷಕರು. ಕೂತು ಕೇಳಿದರೆ ಎಲ್ಲರ ಮಾತೂ ಸರಿಯೆನಿಸುತ್ತದೆ, ಏಕೆಂದರೆ ಒಬ್ಬೊಬ್ಬರ ಮನಸ್ಸಿನಲ್ಲಿರುವ ಮಗು ಬೇರೆ ಬೇರೆ. ಒಂದೇ ಉಪಕರಣ ಇಷ್ಟು ಬಗೆಯ ಮಕ್ಕಳ ಕೈಗೆ ಬಂದದ್ದು ಹೇಗೆ ಎಂದು ತಿಳಿಯದೆ ಈ ಚರ್ಚೆ ಬಗೆಹರಿಯುವಂಥದ್ದಲ್ಲ.

ಯಂತ್ರಕ್ಕೆ ಮಾತು ಬರಿಸುವ ಹುಚ್ಚು ಹಳೆಯದು. ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ತಿದಿಯೊತ್ತಿ ಮಾತಾಡಿಸುವ ತನ್ನ ಯಂತ್ರದ ವಿವರಗಳನ್ನು 1791ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. (ಅದೇ ದಶಕದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮರದ ಹುಲಿ ಕೂಡ ತಿದಿಯ ಗಾಳಿಯಿಂದಲೇ ಗುರುಗುಡುತ್ತಿತ್ತು. ಈಗ ಅದು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.) 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೆಲ್ ಲ್ಯಾಬ್ಸ್‌ನವರ ವೋಡರ್ ಎಂಬ ಯಂತ್ರ ಮಾತಾಡಿತು, 1976ರಲ್ಲಿ ರೇ ಕರ್ಜ್‌ವೀಲ್ ಅಚ್ಚಾದ ಪುಟವನ್ನೇ ನೋಡಿ ಓದುವ ಯಂತ್ರ ತಂದ. ಅಲ್ಲಿಂದ ಮೂವತ್ತು ವರ್ಷದಲ್ಲಿ ಅದು ಕಂಪ್ಯೂಟರಿನೊಳಗೆ ಸೇರಿ, ಅಗ್ಗವಾಗಿ, 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರುಮಾಡಿದ, ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಮೂಲಕ ಪುಕ್ಕಟೆಯೂ ಆಯಿತು. ಕರನ್ ಅವರಿಗೂ ಜೊತೆಗೂಡಿದ ಜೇಮ್ಸ್ ತೆ ಅವರಿಗೂ ದೃಷ್ಟಿ ಇಲ್ಲ. ಕರ್ಜ್‌ವೀಲ್ ಯಂತ್ರದಿಂದ ಎನ್‌ವಿಡಿಎವರೆಗೆ ಇದೆಲ್ಲ ನಡೆದದ್ದು ಕಣ್ಣು ಕಾಣದ ಓದುಗರಿಗಾಗಿ. ಅವರಿಗೆ ಭಾಷೆ ಬರುತ್ತಿತ್ತು, ಪುಟ ಕಾಣುತ್ತಿರಲಿಲ್ಲ, ಅಷ್ಟೆ.

ಎರಡನೆಯ ಬಗೆಯ ಓದುಗರು ಆಮೇಲೆ ಬಂದರು. ಕಣ್ಣು ಚೆನ್ನಾಗಿದೆ, ಬುದ್ಧಿ ಚುರುಕು, ಮಾತು ಪಟಪಟ, ಆದರೆ ಅಕ್ಷರ ಮಾತ್ರ ಕೈಗೆ ಹತ್ತುವುದಿಲ್ಲ. ಡಿಸ್ಲೆಕ್ಸಿಯಾ ಎಂಬ ಹೆಸರು ನಮ್ಮ ಹಳ್ಳಿಗಳಿಗೆ ತಲುಪುವ ಮುನ್ನ ಇಂಥ ಮಕ್ಕಳಿಗೆ ಸಿಗುತ್ತಿದ್ದ ಬಿರುದು 'ದಡ್ಡ' ಎಂದೇ. ಮೈಸೂರಿನಲ್ಲಿ ಈ ಮಕ್ಕಳನ್ನು ಪರೀಕ್ಷಿಸುವವರು ಇಲ್ಲದೆ ಇರಲಿಲ್ಲ. ಆಟೋದವರು 'ಸ್ಪೀಚ್ ಅಂಡ್ ಹಿಯರಿಂಗ್' ಎಂದೇ ಕರೆಯುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ಕಾನೂನು ಮಾತ್ರ ತಡವಾಗಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದಾಗ ಕಲಿಕೆಯ ನ್ಯೂನತೆಯೂ ಅದರಲ್ಲಿ ಸೇರಿತು.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದಿನ ಬಗ್ಗೆ ಒಂದು ಸರಳ ಲೆಕ್ಕ ಮುಂದಿಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಭಾಷೆ ಅರ್ಥವಾಗುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಇಲ್ಲಿರುವುದು ಗುಣಾಕಾರ. ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ. ಓದಿ ಹೇಳುವ ತಂತ್ರಾಂಶ ಮೊದಲನೆಯ ಕೆಲಸವನ್ನು ತಾನು ಹೊರುತ್ತದೆ. ಎರಡನೆಯದನ್ನು ಮುಟ್ಟುವುದೂ ಇಲ್ಲ. ಓದಲು ಕಷ್ಟಪಡುವವರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಅಮೆರಿಕದ ಸಂಶೋಧಕರು ನೋಡಿದಾಗ, ಅರ್ಥಗ್ರಹಣಕ್ಕೆ ಇದರಿಂದ ಉಪಯೋಗವಿದೆ, ಪವಾಡವೇನಿಲ್ಲ ಎನ್ನುವಂಥ ಫಲಿತಾಂಶ ಸಿಕ್ಕಿತು.

ಇನ್ನು ಮೂರನೆಯ ಬಗೆ, ಇಂಗ್ಲಿಷ್ ಭಾಷೆಯೇ ಇನ್ನೂ ಬಾರದ ಮಕ್ಕಳು. ಗೊಂದಲವೆಲ್ಲ ಇರುವುದು ಇಲ್ಲೇ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಹಳ ಕಾಲ ಐದನೇ ತರಗತಿಯ ವಿಷಯವಾಗಿತ್ತು. 2007-08ರಲ್ಲಿ ಒಂದನೇ ತರಗತಿಗೇ ಇಳಿಯಿತು. ಆಗಿನ ತರಗತಿಗಳನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಕಲಿಸುವ ಮನಸ್ಸಿಗೆ ಕೊರತೆಯಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿಕಲಿ ಎಂಬ ಕಲಿಕಾ ಪದ್ಧತಿ ಅಷ್ಟರಲ್ಲಿ ಬೇರು ಬಿಟ್ಟಿತ್ತು. ನೆಲದ ಮೇಲೆ ಗುಂಪಾಗಿ ಕೂರುವ ಮಕ್ಕಳು, ಕಾರ್ಡು, ಕಲಿಕಾ ಏಣಿ, ತಲೆಯ ಮೇಲಿನ ಚಪ್ಪರದಲ್ಲಿ ತೂಗುವ ಅವರದೇ ಚಿತ್ರಗಳು. ಕನ್ನಡಕ್ಕೆ ಈ ಪದ್ಧತಿ ಒಗ್ಗಿತ್ತು, ಏಕೆಂದರೆ ಮಗು ಮನೆಯಿಂದಲೇ ಕನ್ನಡ ಹೊತ್ತು ಬರುತ್ತಿತ್ತು, ಶಾಲೆ ಅದಕ್ಕೆ ಅಕ್ಷರ ಕೊಟ್ಟರೆ ಸಾಕಿತ್ತು. ಇಂಗ್ಲಿಷಿನಲ್ಲಿ ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೇ ಕೊಡಬೇಕಿತ್ತು. ಕೊಡಬೇಕಾದ ಶಿಕ್ಷಕರಲ್ಲಿ ಅನೇಕರು ಸ್ವತಃ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ತರಬೇತಿಗಳು ನಡೆದವು, ಕೈಪಿಡಿಗಳು ಬಂದವು. ಆದರೂ ಬಾಗಿಲ ಬಳಿ ಇನ್‌ಸ್ಪೆಕ್ಷನ್ನಿನವರು ನಿಂತರೆ ಇಂಗ್ಲಿಷ್ ಪಾಠವನ್ನು ಜೋರಾಗಿ ಓದಲು ಹಿಂಜರಿಯುತ್ತಿದ್ದ ಮಿಸ್ಸುಗಳೆಷ್ಟೋ. ಉಚ್ಚಾರಣೆ ತಪ್ಪಿದರೆ ಎಂಬ ಅಂಜಿಕೆ. ಆಗಲೇ ಸಿ.ಡಿ. ಪಾಠಗಳು ಬಂದವು, ಬೆನ್ನಿಗೆ ಕಂಪ್ಯೂಟರಿನ ದನಿ. ನನ್ನ ಮಟ್ಟಿಗೆ ಹೇಳುವುದಾದರೆ, ಆ ದನಿಯಿಂದ ಮೊದಲು ನೆಮ್ಮದಿ ಕಂಡವರು ಮಕ್ಕಳಲ್ಲ, ಶಿಕ್ಷಕರು. ಅದರಲ್ಲಿ ತಪ್ಪೂ ಇಲ್ಲ.

ಹಾಗೆ ನೋಡಿದರೆ ಇಂಗ್ಲಿಷ್ ಓದುವುದು ಯಂತ್ರಕ್ಕೂ ಸಲೀಸಲ್ಲ. ಕನ್ನಡದಲ್ಲಿ ಬರೆದದ್ದನ್ನೇ ಹೆಚ್ಚುಕಡಿಮೆ ಓದುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಒಂದು ಕಡೆ ರೀಡ್, ಇನ್ನೊಂದು ಕಡೆ ರೆಡ್. ಎಸ್ ಮತ್ತು ಟಿ ಎರಡೇ ಅಕ್ಷರ ಹೆಸರಿಗಿಂತ ಮೊದಲು ಬಂದರೆ ಸೇಂಟ್, ಆಮೇಲೆ ಬಂದರೆ ಸ್ಟ್ರೀಟ್. ಯಂತ್ರ ಮೊದಲು ಇಂಥವನ್ನೆಲ್ಲ ಬಿಡಿಸಿಕೊಂಡು, ಅಕ್ಷರವನ್ನು ಧ್ವನಿಯಾಗಿಸಿ, ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಎಂದು ಊಹಿಸಬೇಕು. 2016ರಲ್ಲಿ ಡೀಪ್‌ಮೈಂಡ್ ಕಂಪನಿಯ ವೇವ್‌ನೆಟ್ ಎಂಬ ತಂತ್ರ ಬಂದ ಮೇಲೆ ದನಿ ಮನುಷ್ಯರದ್ದೇ ಎನ್ನುವಷ್ಟು ನಯವಾಯಿತು. ಹಳೆಯ ಇಸ್ಪೀಕ್ ತಂತ್ರಾಂಶದ ಡಬ್ಬದ ದನಿ ಕೇಳಿದವರಿಗೆ ಈ ವ್ಯತ್ಯಾಸ ಗೊತ್ತು.

ಇಂಗ್ಲಿಷಿನ ದನಿ ಹೀಗೆ ನಯವಾಗುತ್ತಿದ್ದಾಗ ಕನ್ನಡ ಬೇರೊಂದು ತೊಡಕಿನಲ್ಲಿ ಸಿಕ್ಕಿಕೊಂಡಿತ್ತು. ಬರಹ, ನುಡಿ ತಂತ್ರಾಂಶಗಳು ನಮಗೆಲ್ಲ ಕನ್ನಡ ಟೈಪಿಂಗ್ ಕಲಿಸಿದವು, ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಗೆರೆ, ಒತ್ತು, ಗುಡಿಸುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಓದಿ ಹೇಳು ಎಂದರೆ ಯಂತ್ರ ಆ ರಾಶಿಯನ್ನೇ ಓದುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಂತು, ಆ ತಂತ್ರಾಂಶಗಳೂ ಅದಕ್ಕೆ ಹೊಂದಿಕೊಂಡವು. ಐಐಎಸ್‌ಸಿ, ಐಐಟಿ ಮದ್ರಾಸ್‌ಗಳಲ್ಲಿ ಕನ್ನಡದ ದನಿಗಳೂ ತಯಾರಾದವು, ಈಗ ಮಾಮೂಲಿ ಆಂಡ್ರಾಯ್ಡ್ ಫೋನೂ ಕನ್ನಡ ಓದುತ್ತದೆ. ಹಳೆಯ ಫಾಂಟಿನ ಪ್ರಶ್ನೆಪತ್ರಿಕೆ, ವರ್ಕ್‌ಶೀಟುಗಳು ಮಾತ್ರ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಇಂದಿಗೂ ತಿರುಗುತ್ತಿವೆ.

ಇದರ ಪರಿಣಾಮ ಪಾಂಡವಪುರದ ಕಡೆಯ ಒಂದು ಆರನೇ ತರಗತಿಯಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಟ್ಯಾಬ್ ಇಂಗ್ಲಿಷ್ ಪಾಠ ಓದುತ್ತಿದೆ, ಓದಿದ ಪದಕ್ಕೆ ಹಳದಿ ಬಣ್ಣ ಹತ್ತುತ್ತಿದೆ. ಹುಡುಗಿಯೊಬ್ಬಳು ಅದರ ಜೊತೆ ಒಂದು ಪದವೂ ಬಿಡದೆ ಹೇಳುತ್ತಿದ್ದಾಳೆ. ನಡುವೆ ಯಾರೋ ಊರಿನ ಹೆಸರು ಟೈಪಿಸಿದರು. "ಮಿಸ್, ನಮ್ಮೂರ್ ಹೆಸ್ರ್ನ ಹಿಂಗಂತದೆ!" ಎಂದು ತರಗತಿಯೆಲ್ಲ ನಗು. ಪಾಠದಲ್ಲಿ ಏನಾಯಿತು ಎಂದು ಕೇಳಿದರೆ ಹುಡುಗಿ ಸುಮ್ಮನಾದಳು. ಮಿಸ್ಸು ಕನ್ನಡದಲ್ಲಿ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿ ಮತ್ತೆ ಓದಿಸಿದ ಮೇಲೆ ಉತ್ತರ ಬಂತು. ಪಕ್ಕದ ಸಾಲಿನ ಹುಡುಗನದು ಇನ್ನೊಂದು ಕಥೆ. ಕನ್ನಡದಲ್ಲೂ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದ, ಯಾರಾದರೂ ಓದಿ ಹೇಳಿದರೆ ಎಲ್ಲರಿಗಿಂತ ಮೊದಲು ಅವನದೇ ಉತ್ತರ. ಈ ಉಪಕರಣ ನಿಜಕ್ಕೂ ಯಾರಿಗೆ ನೆರವಾಗಬಲ್ಲದೋ ಅಂಥವನು ಆ ಕೋಣೆಯಲ್ಲಿ ಅವನೇ ಇರಬೇಕು. ಅವನ ಮುಂದಿದ್ದ ಕನ್ನಡ ವರ್ಕ್‌ಶೀಟು ಹಳೆಯ ಫಾಂಟಿನದು, ಟ್ಯಾಬಿಗೆ ಅದನ್ನು ಕನ್ನಡವಾಗಿ ಓದಲಾಗಲಿಲ್ಲ.

ಹುಡುಗಿಗೆ ದನಿಯಿಂದ ಏನೂ ಸಿಗಲಿಲ್ಲ ಎನ್ನಲಾಗದು. ಉಚ್ಚಾರಣೆ ಕಿವಿಗೆ ಬಿತ್ತು, ಕಾಗುಣಿತಕ್ಕೂ ದನಿಗೂ ನಂಟು ಕಂಡಿತು. ವೇಗ ಸ್ವಲ್ಪ ತಗ್ಗಿಸಿ, ಮೊದಲು ಕನ್ನಡದಲ್ಲಿ ಮಾತಾಡಿ, ಆಮೇಲೆ ಕೇಳಿಸಿ, ಕೊನೆಗೆ ದನಿ ನಿಲ್ಲಿಸಿ ಅವಳಿಂದಲೇ ಓದಿಸಿದರೆ ಅದು ಒಳ್ಳೆಯ ಪಾಠವೇ. ಆದರೆ ಆ ಕೆಲಸದಲ್ಲಿ ಟ್ಯಾಬಿನ ಪಾಲು ಚಿಕ್ಕದು, ಮಿಸ್ಸಿನ ಪಾಲು ದೊಡ್ಡದು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾದ ಮೇಲೆ ಇಂಥ ಮಕ್ಕಳು ಹೆಚ್ಚಾಗಿದ್ದಾರೆ. ಅಲ್ಲಿ ಇಂಗ್ಲಿಷ್ ಪಾಠವಷ್ಟೇ ಅಲ್ಲ, ಗಣಿತ, ಪರಿಸರವೂ ಆ ಭಾಷೆಯಲ್ಲಿದೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, 2018ರ ಕೇಂದ್ರದ ಮಾರ್ಗಸೂಚಿ ಅಂಗವಿಕಲ ಅಭ್ಯರ್ಥಿಗಳಿಗೆ ಓದಿ ಹೇಳುವವರ ನೆರವು, ಹೆಚ್ಚು ಸಮಯ, ಕಂಪ್ಯೂಟರ್ ಬಳಕೆಗೆ ದಾರಿ ಮಾಡಿತು. ಇದು ಪ್ರಮಾಣಪತ್ರ ಇದ್ದವರಿಗೆ. ಪಕ್ಕದ ಸಾಲಿನ ಹುಡುಗನಂಥವರು ಅದನ್ನು ಪಡೆಯಬೇಕಾದರೆ ಯಾರಾದರೂ ಮೊದಲು ಗುರುತಿಸಿ ಮೈಸೂರಿಗೋ ಜಿಲ್ಲಾ ಆಸ್ಪತ್ರೆಗೋ ಕಳಿಸಬೇಕು. ಗುರುತಿಸಬೇಕಾದರೆ ಅವರ ಕನ್ನಡದ ಓದನ್ನು ಕೂತು ಕೇಳಬೇಕು. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ನಾಲ್ವರಲ್ಲಿ ಸುಮಾರು ಒಬ್ಬರಷ್ಟೇ ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲರು. ಇಂಗ್ಲಿಷ್ ಓದನ್ನು ಮಾತ್ರ ನೋಡುವ ಶಾಲೆಗೆ ಉಳಿದ ಮೂವರೂ ಒಂದೇ ಥರ ಕಾಣುತ್ತಾರೆ, ಅವರ ನಡುವೆ ಈ ಹುಡುಗ ಕಾಣುವುದಿಲ್ಲ.