ಜೇಡದ ಕಣ್ಣು ಮಾತ್ರ ಯಾಕೆ ಮಸುಕಾಗುತ್ತೆ?

ಪ್ರಶ್ನೆ: ಮೊಬೈಲಿಗೆ ಕ್ಲಿಪ್ ಮ್ಯಾಕ್ರೋ ಲೆನ್ಸ್ ಹಾಕಿಕೊಂಡು ದೇವರಾಯನದುರ್ಗದಲ್ಲಿ ಜೇಡಗಳ ಫೋಟೋ ತೆಗೀತೀನಿ. ಬೆನ್ನು, ಕಾಲು ಚೆನ್ನಾಗಿ ಬರುತ್ತೆ, ಕಣ್ಣು ಮಾತ್ರ ಮಸುಕು. ಲೆನ್ಸೇ ಸರಿಯಿಲ್ಲವಾ?

ಉತ್ತರ: ಬೆನ್ನಿನ ರೋಮ ಎಣಿಸುವ ಹಾಗೆ ಬಂದಿದ್ದರೆ ಲೆನ್ಸ್ ಸರಿಯಾಗಿಯೇ ಇದೆ. ತಪ್ಪುತ್ತಿರುವುದು ದೂರ. 10 ಎಕ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನ ಫೋಕಲ್ ಲೆಂತ್ (ದೂರದಿಂದ ಬಂದ ಬೆಳಕನ್ನು ಲೆನ್ಸ್ ಒಂದು ಬಿಂದುವಿಗೆ ಸೇರಿಸುವ ದೂರ) ಸುಮಾರು 25 ಮಿ.ಮೀ. ಜೇಡವೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರಬೇಕು. ಅಷ್ಟು ಹತ್ತಿರದಲ್ಲಿ ಚೂಪಾಗಿ ಬರುವ ಪದರ ಒಂದು ಮಿಲಿಮೀಟರಿಗೂ ಕಡಿಮೆ. ಜಿಗಿಯುವ ಜೇಡದ ಬೆನ್ನಿಗೆ ಫೋಕಸ್ ಕೂತರೆ ಮುಂದಿನ ಎರಡು ದೊಡ್ಡ ಕಣ್ಣು ಆ ಪದರದಿಂದ ಆಚೆ ಉಳಿಯುತ್ತವೆ.

ಮೊದಲು ಫೋನಿನ ಕವರ್ ತೆಗೆದು ಲೆನ್ಸನ್ನು ಮುಖ್ಯ ಕ್ಯಾಮೆರಾದ ನಡುಮಧ್ಯಕ್ಕೆ ಕೂರಿಸಿ. ಒಂದೇ ಮೂಲೆ ಕಪ್ಪಾಗಿ ಕಂಡರೆ ಕ್ಲಿಪ್ ಸರಿದಿದೆ ಎಂದರ್ಥ. ಸೆಟ್ಟಿಂಗ್ಸಿನಲ್ಲಿ ಆಟೋ ಮ್ಯಾಕ್ರೋ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಹತ್ತಿರ ಹೋದ ಕೂಡಲೇ ಫೋನ್ ತಾನೇ ಬೇರೆ ಕ್ಯಾಮೆರಾಕ್ಕೆ ಹಾರುತ್ತದೆ, ನಿಮ್ಮ ಲೆನ್ಸ್ ಇರುವುದೇ ಮುಖ್ಯ ಕ್ಯಾಮೆರಾದ ಮೇಲೆ.

ಇನ್ನು ಅಸಲು ಕೆಲಸ. ಪಕ್ಕದ ಎಲೆಯ ನರ ಸ್ಪಷ್ಟವಾಗಿ ಕಂಡಾಗ ಸ್ಕ್ರೀನ್ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಆಮೇಲೆ ಸ್ಕ್ರೀನಿನಲ್ಲಿ ಫೋಕಸ್ ಹುಡುಕಬೇಡಿ, ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಜೇಡ ಎಲೆ ಮೇಲಿದ್ದರೆ ಎಲೆಯ ತೊಟ್ಟನ್ನು ಎಡಗೈ ಬೆರಳಲ್ಲಿ ಮೆಲ್ಲಗೆ ಹಿಡಿದು, ಅದೇ ಕೈಗೆ ಫೋನಿನ ಅಂಚನ್ನು ಆನಿಸಿ. ಗಾಳಿ ಬೀಸಿದರೆ ಎಲೆ, ಕೈ, ಫೋನ್ ಮೂರೂ ಒಟ್ಟಿಗೆ ಅಲ್ಲಾಡುತ್ತವೆ, ದೂರ ಬದಲಾಗುವುದಿಲ್ಲ. ಕಣ್ಣು ಮಿನುಗಿದ ತಕ್ಷಣ ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಬಿಡದೆ, ಹತ್ತಿಪ್ಪತ್ತು ಫೋಟೋ ತೆಗೆಯಿರಿ. ಒಂದೆರಡು ಸರಿ ಬಂದರೆ ಅದು ಒಳ್ಳೆಯ ಫಸಲೇ.

ಬಲೆಯ ಜೇಡಕ್ಕೆ ಈ ಉಪಾಯ ನಡೆಯದು, ಮುಟ್ಟಿದರೆ ಬಲೆಯೇ ನಡುಗುತ್ತದೆ. ಬಲೆಯಲ್ಲಿ ಅಂಕುಡೊಂಕು ಬಿಳಿ ಗೆರೆ ನೇಯುವ ಸಿಗ್ನೇಚರ್ ಜೇಡ ತಲೆ ಕೆಳಗಾಗಿ, ಜೋಡಿಸಿದ ಕಾಲುಗಳನ್ನು ಎಕ್ಸ್ ಆಕಾರದಲ್ಲಿ ಚಾಚಿ ಕೂತಿರುತ್ತದೆ. ಫೋನನ್ನು ಬಲೆಗೆ ಸಮಾನಾಂತರವಾಗಿ ಹಿಡಿದರೆ ಎಂಟೂ ಕಾಲು ಹೆಚ್ಚುಕಡಿಮೆ ಒಂದೇ ಪದರದಲ್ಲಿ ಸಿಗುತ್ತವೆ. ಉಸಿರು ತಾಗಿದರೂ ಬಲೆ ಜೋರಾಗಿ ಅಲ್ಲಾಡಿಸಿಬಿಡುತ್ತದೆ, ಹಾಗಾಗಿ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡಿ.

ಫೋನಿನ ಫ್ಲ್ಯಾಶ್ ಬೇಡ, ಕ್ಲಿಪ್ಪಿನ ನೆರಳೇ ಜೇಡದ ಮೇಲೆ ಬೀಳುತ್ತದೆ. ಚಿಕ್ಕ ಎಲ್ಇಡಿ ಟಾರ್ಚಿಗೆ ಎರಡು ಪದರ ಬಟರ್ ಪೇಪರ್ ಸುತ್ತಿ ಮೇಲಿನಿಂದ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಸೆಟ್ಟಿಂಗನ್ನು ನಾವೇ ಆರಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಬೇಡ. ಬೆಳಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಗಾಳಿ ಕಮ್ಮಿ, ತಂಪಿಗೆ ಜೇಡವೂ ಚುರುಕಾಗಿರುವುದಿಲ್ಲ.

ಅಲ್ಲಾಡದಿರಲಿ ಎಂದು ಜೇಡವನ್ನು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದಕ್ಕೆ ಜೀವ ಹೋಗಬಹುದು. ಇಬ್ಬನಿ ಬೇಕೆಂದು ನೀರು ಚಿಮುಕಿಸುವುದೂ ಬೇಡ. ದೇವರಾಯನದುರ್ಗದ ಹತ್ತಿರವೇ ಇರುವ ನಾಮದ ಚಿಲುಮೆ ಸುತ್ತ ಮುಂಜಾನೆ ನಿಜವಾದ ಇಬ್ಬನಿಯೇ ಸಿಗುತ್ತದೆ, ಕಾರ್ತಿಕ ಕಳೆದ ಮೇಲೆ ಹೋಗಿ ನೋಡಿ.